ಆಕಾಶದಲ್ಲಿ ಬೆಂಕಿಯುಂಡೆ ಕಂಡಿರಾ? ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಆಕಾಶದಲ್ಲಿ ಇದ್ದಕ್ಕಿದ್ದಂತೆ ಹೊತ್ತಿಕೊಂಡು, ನೆಲವನ್ನೆಲ್ಲ ಬೆಳಗಿ, ನಾಲ್ಕೈದು ಸೆಕೆಂಡಿನಲ್ಲಿ ಮಾಯವಾಗುವ ಬೆಂಕಿಯುಂಡೆಯ ಬಗ್ಗೆ ಜನ ಎದುರಿಗೆ ಸಿಕ್ಕಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನೀವು ಈಗಷ್ಟೇ ಒಂದನ್ನು ನೋಡಿ ಒಳಗೆ ಬಂದಿದ್ದರೆ ಬೇರೆಲ್ಲ ಬಿಟ್ಟು ಎರಡನೇ ಪ್ರಶ್ನೆಗೆ ಹೋಗಿ. ಉಳಿದದ್ದನ್ನು ನಾಳೆ ಓದಿದರೂ ಆಗುತ್ತದೆ, ಆದರೆ ಕಣ್ಣಲ್ಲಿ ಉಳಿದ ಚಿತ್ರ ನಾಳೆಗೆ ಹೀಗೇ ಇರುವುದಿಲ್ಲ.

## ಮೊದಲು ತಿಳಿಯಬೇಕಾದದ್ದು

ಊಟ ಮುಗಿಸಿ ಅಂಗಳಕ್ಕೆ ಬಂದಿದ್ದೆ, ದೊಡ್ಡ ಬೆಂಕಿಯುಂಡೆ ಆಕಾಶದಲ್ಲಿ ಹಾದುಹೋಯಿತು. ಅದು ಏನು?

ಅದೂ ಉಲ್ಕೆಯೇ, ಆದರೆ ಅಸಾಧಾರಣವಾಗಿ ಪ್ರಕಾಶಮಾನವಾದದ್ದು. ಸೂರ್ಯನ ಸುತ್ತ ತಿರುಗುತ್ತಿದ್ದ ಒಂದು ಕಲ್ಲಿನ ಚೂರು ಭೂಮಿಯ ದಾರಿಗೆ ಅಡ್ಡ ಬಂದು ವಾತಾವರಣಕ್ಕೆ ನುಗ್ಗಿದೆ. ಅದರ ವೇಗ ಸೆಕೆಂಡಿಗೆ ಕಡಿಮೆಯೆಂದರೆ 11 ಕಿ.ಮೀ., ಹೆಚ್ಚೆಂದರೆ 72 ಕಿ.ಮೀ. ಸೆಕೆಂಡಿಗೆ 20 ಕಿ.ಮೀ. ಎಂದಿಟ್ಟುಕೊಂಡರೂ ಬೆಂಗಳೂರಿನ ನೆತ್ತಿಯಿಂದ ಮೈಸೂರಿನ ನೆತ್ತಿಗೆ ಆರೇಳು ಸೆಕೆಂಡು ಸಾಕು. ಆ ವೇಗದಲ್ಲಿ ಮುಂದಿನ ಗಾಳಿಗೆ ಪಕ್ಕಕ್ಕೆ ಸರಿಯಲು ವ್ಯವಧಾನವೇ ಇರುವುದಿಲ್ಲ. ಅದು ಒತ್ತಿ ಒತ್ತಿ ಸಾವಿರಾರು ಡಿಗ್ರಿ ಕಾಯುತ್ತದೆ, ಕಲ್ಲಿನ ಮೈ ಕರಗಿ ಆವಿಯಾಗುತ್ತದೆ, ಆ ಆವಿ ಮತ್ತು ಗಾಳಿ ಎರಡೂ ಬೆಳಗುತ್ತವೆ. ನಿಮಗೆ ಕಂಡದ್ದು ಕಲ್ಲಲ್ಲ, ಅದರ ಸುತ್ತಲಿನ ಈ ಬೆಳಕು.

ದಿನವೂ ಒಂದೆರಡು ಕಣ್ಣಿಗೆ ಬೀಳುವ ಸಾಮಾನ್ಯ ಉಲ್ಕೆಗಳಿಗೂ ಇದಕ್ಕೂ ಗಡಿ ಶುಕ್ರಗ್ರಹ. ಶುಕ್ರನಿಗಿಂತ ಪ್ರಕಾಶಮಾನವಾದ ಉಲ್ಕೆಯನ್ನು ಬೆಂಕಿಯುಂಡೆ ಎನ್ನುತ್ತಾರೆ. ನಿಮ್ಮ ನೆರಳು ನೆಲದ ಮೇಲೆ ಓಡಿದ್ದು ಕಂಡಿತೆಂದರೆ ಅದು ಹುಣ್ಣಿಮೆ ಚಂದ್ರನ ಮಟ್ಟಕ್ಕೆ ಹತ್ತಿರವಿತ್ತು ಎಂದರ್ಥ. ಅಂಥದ್ದನ್ನು ನೋಡಿದವರು ನಿಜಕ್ಕೂ ಅದೃಷ್ಟವಂತರು.

ಈಗ ತಾನೇ ನೋಡಿದೆ, ಕೈ ಇನ್ನೂ ನಡುಗುತ್ತಿದೆ. ಮೊದಲು ಏನು ಮಾಡಲಿ?

ನಿಂತ ಜಾಗ ಬಿಡಬೇಡಿ. ಫೋನ್ ತೆಗೆದು ಗಂಟೆ, ನಿಮಿಷ ನೋಡಿಕೊಳ್ಳಿ. ಯಾರಿಗೂ ಕರೆ ಮಾಡುವ ಮೊದಲು, ಟಿವಿ ಹಾಕುವ ಮೊದಲು, ಅದು ಎಲ್ಲಿ ಮೊದಲು ಕಂಡಿತು, ಎಲ್ಲಿ ಆರಿತು ಎಂಬ ಎರಡು ಬಿಂದುಗಳನ್ನು ಸುತ್ತಲಿನ ವಸ್ತುಗಳಿಗೆ ಗಂಟು ಹಾಕಿ: ಮನೆಯ ಮೂಲೆ, ಕರೆಂಟು ಕಂಬ, ತೆಂಗಿನಮರ, ನೀರಿನ ಟ್ಯಾಂಕು. "ಉತ್ತರಕ್ಕೆ ಹೋಯಿತು" ಎಂಬ ಮಾತಿಗಿಂತ "ಕಂಬದ ಎಡಕ್ಕೆ ಆರಿತು" ಎಂಬ ಮಾತಿನ ಬೆಲೆ ಹೆಚ್ಚು. ಕಂಬ ನಾಳೆಯೂ ಅಲ್ಲೇ ಇರುತ್ತದೆ, ಹಗಲಲ್ಲಿ ದಿಕ್ಸೂಚಿ ಹಿಡಿದು ಅಳೆಯಬಹುದು.

ಎತ್ತರಕ್ಕೆ ನಿಮ್ಮ ಮುಷ್ಟಿಯೇ ಅಳತೆಗೋಲು. ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ದಿಗಂತದಿಂದ ಮೇಲಕ್ಕೆ ಎಷ್ಟು ಮುಷ್ಟಿ ಎಂದು ಎಣಿಸಿ. ಎಷ್ಟು ಹೊತ್ತು ಇತ್ತು ಎಂಬುದನ್ನು ಊಹಿಸಬೇಡಿ. ನೋಡುವಾಗ ಏನು ಮಾಡಿದಿರೋ, ಏನು ಕೂಗಿದಿರೋ ಅದನ್ನೇ ಮತ್ತೊಮ್ಮೆ ಮಾಡಿ, ಫೋನಿನ ಗಡಿಯಾರದಲ್ಲಿ ಅಳೆಯಿರಿ. ಬಿಟ್ಟರೆ ಎಲ್ಲರೂ ನಾಲ್ಕು ಸೆಕೆಂಡಿನದನ್ನು ಅರ್ಧ ನಿಮಿಷ ಎನ್ನುತ್ತಾರೆ. ಆಮೇಲೆ ಅಲ್ಲೇ ನಿಂತು ನಾಲ್ಕೈದು ನಿಮಿಷ ಕಿವಿಗೊಡಿ. ಗುಡುಗಿನಂಥ ಸದ್ದು ಬಂದರೆ ಆ ಸಮಯವನ್ನೂ ಬರೆದುಕೊಳ್ಳಿ.

ಒಳ್ಳೆಯ ವರದಿ ಹೇಗಿರಬೇಕು ಎಂದು ಕೇಳುವವರಿಗೆ ಒಂದು ಮಾದರಿ:

"ರಾತ್ರಿ 8 ಗಂಟೆ 42 ನಿಮಿಷ, ಫೋನಿನಲ್ಲಿ ನೋಡಿಕೊಂಡದ್ದು. ತಿಪಟೂರು ಪಕ್ಕದ ತೋಟದ ಮನೆ, ಹಿತ್ತಿಲ ಬಾವಿಕಟ್ಟೆಯ ಪಕ್ಕ ನಿಂತಿದ್ದೆ. ಮೊದಲು ಕಂಡದ್ದು ಟ್ಯಾಂಕಿನ ಎಡ ಅಂಚಿನ ನೇರಕ್ಕೆ, ನಾಲ್ಕು ಮುಷ್ಟಿ ಎತ್ತರದಲ್ಲಿ. ಅದಕ್ಕೂ ಮೊದಲೇ ಶುರುವಾಗಿದ್ದಿರಬಹುದು, ನಾನು ತಲೆ ಎತ್ತಿದ್ದು ಬೆಳಕು ಬಿದ್ದ ಮೇಲೆ. ಬಲಕ್ಕೆ ಇಳಿಯುತ್ತ ಹೋಗಿ ಎರಡನೇ ತೆಂಗಿನಮರದ ಬಲಕ್ಕೆ ಆರಿತು, ಅಲ್ಲಿ ಒಂದು ಮುಷ್ಟಿ. ಮತ್ತೆ ಅಭಿನಯಿಸಿ ಅಳೆದಾಗ ನಾಲ್ಕು ಸೆಕೆಂಡು. ಬಣ್ಣ ಹಸಿರು, ಕೊನೆಗೆ ಕಿತ್ತಳೆ. ಮೂರು ತುಂಡಾಯಿತು. ಸದ್ದು ಕೇಳಲಿಲ್ಲ, ಐದು ನಿಮಿಷ ಕಾದೆ."

"ಅದಕ್ಕೂ ಮೊದಲೇ ಶುರುವಾಗಿದ್ದಿರಬಹುದು" ಎಂಬ ಸಾಲನ್ನು ಗಮನಿಸಿ. ನೋಡದ್ದನ್ನು ನೋಡಿದೆ ಎನ್ನದಿರುವುದು ನೋಡಿದ್ದನ್ನು ಹೇಳುವಷ್ಟೇ ಮುಖ್ಯ. ಸದ್ದು ಬರಲಿಲ್ಲ ಎಂಬುದೂ ಮಾಹಿತಿಯೇ. ಜೊತೆಗಿದ್ದವರೊಡನೆ ಚರ್ಚಿಸುವ ಮೊದಲು ಒಬ್ಬೊಬ್ಬರೂ ಬೇರೆ ಬೇರೆ ಬರೆದಿಡಿ. ಒಮ್ಮೆ ಮಾತಾಡಿದರೆ ಎಲ್ಲರ ನೆನಪೂ ಜೋರಾಗಿ ಹೇಳಿದವರ ನೆನಪಾಗಿಬಿಡುತ್ತದೆ.

ನಮ್ಮೂರ ಗುಡ್ಡದ ಹಿಂದೆಯೇ ಬಿತ್ತು, ಕಣ್ಣಾರೆ ಕಂಡೆ. ಹೋಗಿ ಹುಡುಕಲೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ದಯವಿಟ್ಟು ರಾತ್ರಿ ಹೊತ್ತು ಗುಡ್ಡ ಹತ್ತಬೇಡಿ. ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ, ಆದರೆ ಆಕಾಶದಲ್ಲಿ ದೂರ ಅಳೆಯುವ ಶಕ್ತಿ ಯಾರ ಕಣ್ಣಿಗೂ ಇಲ್ಲ. ಎರಡು ಕಣ್ಣುಗಳ ನಡುವಿನ ಅಂತರದಿಂದ ನಾವು ದೂರ ತಿಳಿಯುವುದು ಕೆಲವು ಹತ್ತು ಮೀಟರುಗಳವರೆಗೆ ಮಾತ್ರ. ಆಚೆಗಿನದೆಲ್ಲ ಮನಸ್ಸು ತುಂಬಿಸಿಕೊಂಡ ಅಂದಾಜು. ಹತ್ತಿರದಲ್ಲಿ ಗುಡ್ಡ ಕಂಡರೆ ಮನಸ್ಸು ಬೆಂಕಿಯನ್ನು ತಂದು ಅದರ ಹಿಂದೆ ಇಳಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಬೆಂಕಿಯುಂಡೆಗಳು ಸುಮಾರು 100 ಕಿ.ಮೀ. ಎತ್ತರದಲ್ಲಿ ಹೊತ್ತಿಕೊಳ್ಳುತ್ತವೆ. ತುಂಬ ಆಳಕ್ಕೆ ಇಳಿಯುವಂಥವೂ ಸಾಮಾನ್ಯವಾಗಿ 20-30 ಕಿ.ಮೀ. ಎತ್ತರದಲ್ಲೇ ಆರುತ್ತವೆ. ಮೈಸೂರಿನಲ್ಲಿ ನಿಂತವರಿಗೆ ಉತ್ತರ ದಿಗಂತದಿಂದ ಒಂದು ಮುಷ್ಟಿ ಮೇಲೆ, 30 ಕಿ.ಮೀ. ಎತ್ತರದಲ್ಲಿ ಅದು ಆರಿದ್ದರೆ, ಆ ಜಾಗ ಸುಮಾರು 160 ಕಿ.ಮೀ. ದೂರದಲ್ಲಿದೆ, ಅಂದರೆ ಹೊಸದುರ್ಗದ ಆಸುಪಾಸಿನ ನೆತ್ತಿಯ ಮೇಲೆ. ಅರ್ಧ ಮುಷ್ಟಿಯಾದರೆ ದೂರ 270 ಕಿ.ಮೀ. ದಾಟುತ್ತದೆ.

ಇನ್ನೊಂದು ಸಂಗತಿ. ಉರಿಯುತ್ತ ನೆಲ ಮುಟ್ಟುವ ಉಲ್ಕೆ ಇಲ್ಲವೆನ್ನುವಷ್ಟು ವಿರಳ. ವೇಗ ಸೆಕೆಂಡಿಗೆ ಮೂರ್ನಾಲ್ಕು ಕಿ.ಮೀ.ಗೆ ಇಳಿದಾಗ ಬೆಳಕು ಆರುತ್ತದೆ. ಅಲ್ಲಿಂದ ಕೆಳಕ್ಕೆ ಕಲ್ಲು, ಉಳಿದಿದ್ದರೆ, ಕತ್ತಲಲ್ಲಿ ಗಾಳಿಗೆ ಸಿಕ್ಕಿ ಕೆಲವು ನಿಮಿಷ ಬೀಳುತ್ತದೆ. ಹಾಗಾಗಿ ಬೆಳಕು ದಿಗಂತದವರೆಗೂ ಇಳಿದು ಮರೆಯಾಯಿತೆಂದರೆ ಅದು ಹತ್ತಿರ ಬಿದ್ದದ್ದಲ್ಲ, ತೀರ ದೂರದಲ್ಲಿ ಆದದ್ದು.

ಮನೆಯಲ್ಲಿ ಹಿರಿಯರು ಅಪಶಕುನ ಅಂತಾರೆ. ಯಾರೋ ದೊಡ್ಡವರು ಹೋಗ್ತಾರಂತೆ, ನಿಜವೇ?

ಇಲ್ಲ. ಜಗತ್ತಿನಾದ್ಯಂತ ದಿನವೊಂದಕ್ಕೆ ಸಾವಿರಾರು ಬೆಂಕಿಯುಂಡೆಗಳು ಉರಿಯುತ್ತವೆ. ಹೆಚ್ಚಿನವು ಸಮುದ್ರದ ಮೇಲೆ, ಇಲ್ಲವೇ ಹಗಲಲ್ಲಿ, ಮೋಡದ ಮೇಲೆ, ಎಲ್ಲರೂ ಮಲಗಿದ ಹೊತ್ತಿನಲ್ಲಿ. ಯಾರೋ ಒಬ್ಬರ ಸಾವಿಗೆ ಇವನ್ನು ಜೋಡಿಸಲು ಬರುವುದಿಲ್ಲ. ಆದರೆ ಹಿರಿಯರನ್ನು ಗೇಲಿ ಮಾಡಬೇಡಿ. ಉಲ್ಕೆಗಳನ್ನು ಗಮನಿಸಿ ವಿಂಗಡಿಸುವ ಪರಂಪರೆ ನಮ್ಮಲ್ಲಿ ಹಳೆಯದು. ಆರನೇ ಶತಮಾನದಲ್ಲಿ ವರಾಹಮಿಹಿರ ಧಿಷ್ಣ್ಯ, ಉಲ್ಕೆ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ ಮಾಡಿ ಆಕಾರ, ಸದ್ದು, ಬಾಲಗಳನ್ನು ವರ್ಣಿಸಿದ್ದಾನೆ. ಅದರ ಫಲಜ್ಯೋತಿಷ್ಯವನ್ನು ಬಿಟ್ಟು ಗಮನಿಸುವ ಅಭ್ಯಾಸವನ್ನು ಉಳಿಸಿಕೊಳ್ಳಬಹುದು. ಅಜ್ಜಿ ಎಂದೋ ನೋಡಿದ್ದನ್ನು ಹೇಳುತ್ತಿದ್ದರೆ ಯಾವ ವರ್ಷ, ಯಾವ ದಿಕ್ಕು, ಸದ್ದು ಬಂತೇ ಎಂದು ಕೇಳಿ ಬರೆದಿಡಿ.

ನಮ್ಮ ತಲೆ ಮೇಲೇ ಬಿದ್ದರೆ? ಭಯ ಪಡಬೇಕೇ?

ಕಲ್ಲು ತಲೆಗೆ ಬೀಳುವ ಭಯ ಬೇಡ. ತಿಳಿದಿರಬೇಕಾದ ಅಪಾಯ ಬೇರೆಯೇ ಇದೆ, ಅದನ್ನು ರಷ್ಯಾದ ಚೆಲ್ಯಾಬಿನ್ಸ್ಕ್ ಕಲಿಸಿತು. 2013ರ ಫೆಬ್ರವರಿ 15ರ ಬೆಳಗ್ಗೆ 9 ಗಂಟೆ 20 ನಿಮಿಷಕ್ಕೆ, ಸುಮಾರು 20 ಮೀಟರ್ ಅಗಲದ ಬಂಡೆ ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ಬಂದು 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಒಂದು ಕ್ಷಣ ಅದು ಸೂರ್ಯನಿಗಿಂತ ಹೆಚ್ಚು ಬೆಳಗಿತು. ಆಫೀಸುಗಳಲ್ಲಿ, ಶಾಲೆಗಳಲ್ಲಿ ಇದ್ದವರು ಏನಾಯಿತೆಂದು ನೋಡಲು ಕಿಟಕಿಗೆ ಓಡಿದರು. ಹೊರಗೆ ಬಿಳಿ ಹೊಗೆಯ ಜಾಡು, ಪೂರ್ತಿ ಮೌನ. ನಿಮಿಷ ದಾಟಿತು, ಎರಡು ನಿಮಿಷದ ಹೊತ್ತಿಗೆ ಆಘಾತದ ಅಲೆ ಬಂದು ಅಪ್ಪಳಿಸಿತು. ಸಾವಿರಾರು ಕಟ್ಟಡಗಳ ಗಾಜು ಒಡೆಯಿತು. ಸುಮಾರು 1,500 ಜನ ಗಾಯಗೊಂಡರು, ಬಹುತೇಕರಿಗೆ ತಗುಲಿದ್ದು ಕಿಟಕಿಯ ಗಾಜು. ಕಲ್ಲಿನಿಂದ ಒಬ್ಬರೂ ಸಾಯಲಿಲ್ಲ.

ಆದ್ದರಿಂದ ಕಣ್ಣು ಕೋರೈಸುವಷ್ಟು ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ, ಮಕ್ಕಳನ್ನೂ ಸರಿಸಿ, ಐದು ನಿಮಿಷ ಕಾಯಿರಿ. ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಇದೊಂದು ಮಾತನ್ನು ಹೇಳಿಟ್ಟರೆ ಸಾಕು.

## ಕಂಡದ್ದನ್ನು ಅರ್ಥ ಮಾಡಿಕೊಳ್ಳಲು

ನನಗೆ ಹಸಿರು ಕಂಡಿತು, ತಮ್ಮ ಕೆಂಪು ಅಂತಾನೆ. ಯಾರು ಸರಿ?

ಇಬ್ಬರೂ ಸರಿ ಇರಬಹುದು. ಕಲ್ಲಿನಲ್ಲಿರುವ ಸೋಡಿಯಂ ಹಳದಿ-ಕಿತ್ತಳೆ, ಮೆಗ್ನೀಸಿಯಂ ನೀಲಿ-ಹಸಿರು, ಕ್ಯಾಲ್ಸಿಯಂ ನೇರಳೆ ಬಣ್ಣ ಕೊಡುತ್ತವೆ. ಗಾಳಿಯ ಸಾರಜನಕ, ಆಮ್ಲಜನಕಗಳು ಕೆಂಪು ಸೂಸುತ್ತವೆ. ವೇಗ ಹೆಚ್ಚಿದ್ದಾಗ ಆಮ್ಲಜನಕವೇ ಹಸಿರು ಬೆಳಗುವುದೂ ಉಂಟು. ಒಂದೇ ಉಲ್ಕೆ ಮೇಲೆ ಹಸಿರಾಗಿ, ವೇಗ ಕಳೆದುಕೊಂಡಂತೆ ಕಿತ್ತಳೆಯಾಗಿ, ಕೊನೆಗೆ ಕೆಂಪು ಕಿಡಿಗಳಾಗಿ ಆರುತ್ತದೆ. ಬಣ್ಣ ನೋಡಿ ಕಲ್ಲಿನ ಜಾತಿ ಹೇಳಲು ಮಾತ್ರ ಬರುವುದಿಲ್ಲ, ಅದಕ್ಕೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೆಗೆದ ರೋಹಿತದ ಚಿತ್ರ ಬೇಕು.

ಬೆಳಕು ಹೋಗಿ ಎಷ್ಟೋ ಹೊತ್ತಾದ ಮೇಲೆ ಗುಡುಗು ಕೇಳಿಸಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಖಂಡಿತ ಇರಬಹುದು. ಶಬ್ದಕ್ಕೆ ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು. ನೆತ್ತಿಯ ಮೇಲೆ 30 ಕಿ.ಮೀ. ಎತ್ತರದಲ್ಲಿ ಆದ ಸ್ಫೋಟದ ಸದ್ದು ಒಂದೂವರೆ ನಿಮಿಷದ ನಂತರ ತಲುಪುತ್ತದೆ, 100 ಕಿ.ಮೀ. ದೂರದ್ದಾದರೆ ಐದು ನಿಮಿಷ. ಸದ್ದು ಕೇಳಿದ್ದು ತುಂಬ ಮುಖ್ಯ ಸುಳಿವು: ಉಲ್ಕೆ ವಾತಾವರಣದ ಆಳಕ್ಕೆ ಇಳಿದಿದೆ, ಕಲ್ಲು ನೆಲಕ್ಕೆ ಬಿದ್ದಿರುವ ಸಾಧ್ಯತೆ ಹೆಚ್ಚಿದೆ. ಬೆಳಕಿಗೂ ಸದ್ದಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ನಿಮ್ಮಿಂದ ಅದು ಇದ್ದ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ.

ಹೋಗುವಾಗಲೇ ಸುಂಯ್ ಅಂತ ಸದ್ದು ಬಂತು. ಯಾರೂ ನಂಬುತ್ತಿಲ್ಲ.

ನಾನು ನಂಬುತ್ತೇನೆ, ನಿಮ್ಮೊಬ್ಬರ ಅನುಭವವಲ್ಲ ಇದು. ಬೆಳಕಿನ ಜೊತೆಗೇ ಸಿಡಿಮಿಡಿ, ಸುಂಯ್‌ಗುಡುವ ಸದ್ದು ಕೇಳಿತೆಂದು ಶತಮಾನಗಳಿಂದ ಜನ ಹೇಳುತ್ತ ಬಂದಿದ್ದಾರೆ. ಗಾಳಿಯಲ್ಲಿ ಬರುವ ಶಬ್ದಕ್ಕೆ ಅಷ್ಟು ಬೇಗ ತಲುಪಲು ಸಾಧ್ಯವಿಲ್ಲ. ವಿಜ್ಞಾನಿಗಳು ಎರಡು ವಿವರಣೆ ಕೊಡುತ್ತಾರೆ. ಉಲ್ಕೆಯ ಬಾಲ ಸೂಸುವ ತೀರ ಕಡಿಮೆ ಕಂಪನಾಂಕದ ರೇಡಿಯೋ ಅಲೆಗಳು ನಮ್ಮ ಹತ್ತಿರದ ತಂತಿ, ತಗಡು, ಕನ್ನಡಕದ ಚೌಕಟ್ಟನ್ನು ನಡುಗಿಸುತ್ತವೆ ಎಂಬುದು ಒಂದು. ಬೆಳಕು ವೇಗವಾಗಿ ಮಿನುಗುವಾಗ ಒಣ ಎಲೆ, ಕೂದಲು, ಕಪ್ಪು ಬಟ್ಟೆ ಕ್ಷಣಕ್ಷಣಕ್ಕೂ ಕಾದು ತಣಿದು ಸುತ್ತಲ ಗಾಳಿಯನ್ನು ಅಲುಗಿಸುತ್ತವೆ ಎಂಬುದು ಇನ್ನೊಂದು, 2017ರಲ್ಲಿ ಪ್ರಕಟವಾದದ್ದು. ಚರ್ಚೆ ಮುಗಿದಿಲ್ಲ. ಹಾಗಾಗಿ ಸದ್ದು ಕೇಳಿದವರು ಪಕ್ಕದಲ್ಲಿ ಏನಿತ್ತು, ತಂತಿ ಬೇಲಿಯೇ, ಮರವೇ, ತಗಡಿನ ಸೂರೇ ಎಂಬುದನ್ನೂ ಬರೆಯಬೇಕು.

ವಿಮಾನವೋ ಉಪಗ್ರಹವೋ ರಾಕೆಟ್ಟಿನ ಚೂರೋ ಅಲ್ಲ ಅಂತ ಹೇಗೆ ಹೇಳುವುದು?

ವೇಗ ಮತ್ತು ಹೊತ್ತು ನೋಡಿ. ಬೆಂಕಿಯುಂಡೆ ಹೆಚ್ಚಾಗಿ ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ. ಕಕ್ಷೆಯಿಂದ ಬೀಳುವ ಕೃತಕ ವಸ್ತು ಸೆಕೆಂಡಿಗೆ ಏಳೆಂಟು ಕಿ.ಮೀ. ವೇಗದಲ್ಲಿ, ಬಹುತೇಕ ಸಮತಲವಾಗಿ ಬರುವುದರಿಂದ ನಿಧಾನವಾಗಿ ಅರ್ಧ ನಿಮಿಷ, ಒಂದು ನಿಮಿಷ ಆಕಾಶ ದಾಟುತ್ತದೆ, ತುಂಡು ತುಂಡಾಗಿ ಸಾಲುಗಟ್ಟಿ ಹೋಗುತ್ತದೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಜನ ಕಂಡದ್ದು ಇದನ್ನೇ. ಮೊದಲು ಉಲ್ಕಾಪಾತವೆಂದೇ ಸುದ್ದಿಯಾಯಿತು. ಆಮೇಲೆ ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಆಳೆತ್ತರ ಮೀರಿದ ಲೋಹದ ಬಳೆ ಸಿಕ್ಕಿತು. ಅದು ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗ ಎಂದು ಕಕ್ಷೆಯ ಲೆಕ್ಕ ನೋಡಿದವರು ಗುರುತಿಸಿದರು. ಅಂಥ ಚೂರು ಸಿಕ್ಕರೆ ಮುಟ್ಟಬೇಡಿ, ಇಂಧನದ ವಿಷ ಉಳಿದಿರಬಹುದು. ಪೊಲೀಸರಿಗೆ ತಿಳಿಸಿ.

ರೈಲಿನ ಬೋಗಿಗಳಂತೆ ಸಮಾನ ಅಂತರದ ದೀಪಗಳ ಸಾಲು, ಉರಿಯದೆ, ಮೌನವಾಗಿ ಸಾಗಿದರೆ ಅದು ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು.

ಮತ್ತೊಂದನ್ನು ನೋಡಬೇಕೆಂದರೆ ಯಾವಾಗ ಕಾಯಬೇಕು?

ಒಂದೇ ಹೇಳಬೇಕೆಂದರೆ ಡಿಸೆಂಬರ್ 13-14ರ ರಾತ್ರಿ. ಆಗ ಮಿಥುನ ರಾಶಿಯ ಕಡೆಯಿಂದ ಹೊಮ್ಮುವ ಜೆಮಿನಿಡ್ ಉಲ್ಕಾವೃಷ್ಟಿ ಉತ್ತುಂಗದಲ್ಲಿರುತ್ತದೆ. ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಚೂರುಗಳವು. ರಾತ್ರಿ ಎರಡರ ಸುಮಾರಿಗೆ ಮಿಥುನ ನಮ್ಮ ನೆತ್ತಿಯ ಹತ್ತಿರ ಬರುತ್ತದೆ, ಮಳೆಗಾಲ ಮುಗಿದು ಆಕಾಶವೂ ತಿಳಿಯಾಗಿರುತ್ತದೆ. ಆಗಸ್ಟ್ 12-13ರ ಪರ್ಸಿಡ್‌ಗಳಲ್ಲಿ ಬೆಂಕಿಯುಂಡೆಗಳು ಹೇರಳ, ಆದರೆ ಕರಾವಳಿ, ಮಲೆನಾಡುಗಳಲ್ಲಿ ಅದು ಮಳೆ ಸುರಿಯುವ ಕಾಲ. ಬಯಲುಸೀಮೆಯವರು ಪ್ರಯತ್ನಿಸಬಹುದು. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳ ಟಾರಿಡ್‌ಗಳು ಎಣಿಕೆಯಲ್ಲಿ ಕಡಿಮೆ, ಆದರೆ ನಿಧಾನವಾಗಿ ತೇಲಿ ಬರುವ ಉಂಡೆಗಳಿಗೆ ಹೆಸರುವಾಸಿ.

ಇವುಗಳಿಂದ ಕಲ್ಲು ಸಿಗುವ ಆಸೆ ಮಾತ್ರ ಬೇಡ. ಉಲ್ಕಾವೃಷ್ಟಿಯ ಚೂರುಗಳು ಸಣ್ಣವು, ಪೂರ್ತಿ ಉರಿದುಹೋಗುತ್ತವೆ. ನೆಲಕ್ಕೆ ಕಲ್ಲು ಕೆಡಹುವ ಬೆಂಕಿಯುಂಡೆ ಯಾವ ವೃಷ್ಟಿಗೂ ಸೇರದ ಒಂಟಿ ಪಯಣಿಗ, ಹೆಚ್ಚಾಗಿ ಮಂಗಳ-ಗುರುಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಿಂದ ಬಂದದ್ದು. ಅದಕ್ಕೆ ತಿಥಿ ವಾರಗಳಿಲ್ಲ.

## ಕಲ್ಲು ಸಿಕ್ಕಿದರೆ

ಹೊಲದಲ್ಲಿ ಕಪ್ಪು ಕಲ್ಲು ಸಿಕ್ಕಿದೆ, ಭಾರ ಇದೆ, ಅಯಸ್ಕಾಂತಕ್ಕೂ ಅಂಟುತ್ತದೆ. ಉಲ್ಕಾಶಿಲೆಯೇ?

ನಮ್ಮ ನಾಡಿನಲ್ಲಿ ಅದು ಬಹುಪಾಲು ಕಬ್ಬಿಣದ ಅದಿರು ಅಥವಾ ಕಿಟ್ಟ. ಬಳ್ಳಾರಿ, ಸಂಡೂರು, ಚಿತ್ರದುರ್ಗ, ಬಾಬಾಬುಡನ್‌ಗಿರಿ ಸೀಮೆಗಳಲ್ಲಿ ಅದಿರಿನ ತುಂಡು ಎಲ್ಲೆಂದರಲ್ಲಿ ಇದೆ. ಹಿಂದೆ ಊರೂರಿನಲ್ಲಿ ಕಬ್ಬಿಣ ಕರಗಿಸುತ್ತಿದ್ದರು, ಆ ಕುಲುಮೆಗಳ ಕಿಟ್ಟ ಇಂದಿಗೂ ಉಳುವಾಗ ಮೇಲೆ ಬರುತ್ತದೆ. ಕಿಟ್ಟದ ಮೈಯಲ್ಲಿ ಗುಳ್ಳೆಯ ತೂತುಗಳಿರುತ್ತವೆ, ಉಲ್ಕಾಶಿಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೆರುಗಿಲ್ಲದ ಬಿಳಿ ಪಿಂಗಾಣಿಯ ಮೇಲೆ, ಉದಾಹರಣೆಗೆ ಟೈಲ್ಸಿನ ಹಿಂಬದಿಗೆ, ಉಜ್ಜಿ ನೋಡಿ. ಕೆಂಪು-ಕಂದು ಗೀರು ಬಂದರೆ ಹೆಮಟೈಟ್, ಗಾಢ ಕಪ್ಪು ಬಂದರೆ ಮ್ಯಾಗ್ನಟೈಟ್, ಎರಡೂ ಕಬ್ಬಿಣದ ಅದಿರುಗಳೇ.

ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಒಂದು ಮಿಲಿಮೀಟರಿಗಿಂತ ತೆಳುವಾದ ಕರಗಿದ ಕವಚ ಇರುತ್ತದೆ, ಹೆಚ್ಚಾಗಿ ಮಾಸಲು ಕಪ್ಪು. ಮುರಿದ ಕಡೆ ಒಳಭಾಗ ತಿಳಿ ಬೂದು, ಸಿಮೆಂಟಿನ ಬಣ್ಣ. ಅಂಚುಗಳು ದುಂಡಗೆ. ಕೆಲವದರಲ್ಲಿ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದಂಥ ತಗ್ಗುಗಳಿರುತ್ತವೆ. ಬಿಸಿ ಇತ್ತೇ ಎಂದು ಎಲ್ಲರೂ ಕೇಳುತ್ತಾರೆ. ಉರಿದದ್ದು ಮೇಲ್ಮೈ ಮಾತ್ರ, ಅದೂ ಕೆಲವೇ ಸೆಕೆಂಡು. ಆಮೇಲಿನ ಬೀಳುವ ದಾರಿಯೆಲ್ಲ ಮೇಲಿನ ಕೊರೆಯುವ ಗಾಳಿ. ಹಾಗಾಗಿ ಹುಲ್ಲು ಬಣವೆಗೆ ಬೆಂಕಿ ಹತ್ತಿತು ಎಂದರೆ ಕಾರಣ ಬೇರೆ ಹುಡುಕಬೇಕು.

ಗುರುತುಗಳೆಲ್ಲ ಹೊಂದುತ್ತಿವೆ. ಈಗ ಏನು ಮಾಡಲಿ, ತೊಳೆದು ಇಡಲೇ?

ತೊಳೆಯಲೇಬೇಡಿ. ಬಿದ್ದ ಜಾಗದಲ್ಲೇ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಫೋನಿನಲ್ಲಿ ಸ್ಥಳ ಗುರುತಿಸಿ. ಬರಿಗೈಯಲ್ಲಿ ಮುಟ್ಟದೆ ಸ್ವಚ್ಛ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಒಣ ಡಬ್ಬಿಯಲ್ಲಿಡಿ. ಅಯಸ್ಕಾಂತವನ್ನು ಅದರ ಹತ್ತಿರ ತರಬೇಡಿ. ಕೋಟ್ಯಂತರ ವರ್ಷಗಳಿಂದ ಕಲ್ಲಿನೊಳಗೆ ಉಳಿದಿರುವ ಕಾಂತೀಯ ದಾಖಲೆ ಅಯಸ್ಕಾಂತ ಸೋಕಿಸಿದರೆ ಅಳಿಸಿಹೋಗುತ್ತದೆ. ಕುಂಕುಮ, ಎಣ್ಣೆ, ಹಾಲು ಯಾವುದೂ ಬೇಡ, ಭಕ್ತಿಯಿಂದಲೇ ಆದರೂ.

ಬೇಗ ತಿಳಿಸುವುದೂ ಮುಖ್ಯ. ಅಂತರಿಕ್ಷದಲ್ಲಿ ಕಾಸ್ಮಿಕ್ ಕಿರಣ ತಗುಲಿ ಕಲ್ಲಿನಲ್ಲಿ ಹುಟ್ಟಿದ ಕೆಲವು ವಿಕಿರಣಶೀಲ ಪರಮಾಣುಗಳು (ಐಸೋಟೋಪುಗಳು) ದಿನಗಳಲ್ಲಿ, ವಾರಗಳಲ್ಲಿ ಅರ್ಧಕ್ಕಿಳಿಯುತ್ತವೆ. ಅವುಗಳ ಪ್ರಮಾಣ ತೀರ ಅತ್ಯಲ್ಪ, ನಿಮಗೆ ಅಪಾಯವಿಲ್ಲ. ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ 2021ರ ಫೆಬ್ರವರಿ 28ರ ರಾತ್ರಿ ಬಿದ್ದ ಇಂಗಾಲಯುಕ್ತ ಕಲ್ಲನ್ನು ಮನೆಯವರು ಬೆಳಗ್ಗೆ ಕಂಡೊಡನೆ ಚೀಲಕ್ಕೆ ತುಂಬಿ ಮುಚ್ಚಿಟ್ಟರು. ಜಗತ್ತಿನ ಅತ್ಯಂತ ಶುದ್ಧ ಮಾದರಿಗಳಲ್ಲಿ ಅದೂ ಒಂದಾಯಿತು.

ಇದಕ್ಕೆ ಕೋಟಿ ಬೆಲೆ ಅಂತಾರೆ. ಮಾರಬಹುದೇ?

ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳ ಅಧಿಕೃತ ಪಾಲಕ ಸಂಸ್ಥೆ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ. ತಹಶೀಲ್ದಾರರ ಅಥವಾ ಪೊಲೀಸರ ಮೂಲಕ ಅವರಿಗೆ ತಲುಪಿಸಿ, ಕೊಟ್ಟದ್ದಕ್ಕೆ ಬರಹದ ರಸೀದಿ ಕೇಳಿ ಪಡೆಯಿರಿ. ಕೋಟಿಯ ಆಸೆ ತೋರಿಸಿ ಬರುವವರ ಬಗ್ಗೆ ಎಚ್ಚರ. ಸಿಡಿಲು ಬಡಿದ ಚೊಂಬು, ಅಕ್ಕಿ ಎಳೆಯುವ ಪಾತ್ರೆ, ಇರಿಡಿಯಂ ಎಂದು ಹೇಳಿ ಮನೆ ಮುರಿಯುವ ರೈಸ್ ಪುಲ್ಲರ್ ದಂಧೆಯವರು ಉಲ್ಕೆಯ ಹೆಸರನ್ನೂ ಬಳಸುತ್ತಾರೆ. "ಪರೀಕ್ಷೆಗೆ ಮುಂಗಡ ಕೊಡಿ" ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕರ್ನಾಟಕದಲ್ಲಿ ಯಾವಾಗಲಾದರೂ ಬಿದ್ದಿದೆಯೇ?

ಬಿದ್ದಿದೆ. 1865ರ ಸೆಪ್ಟೆಂಬರ್ 21ರಂದು ಹಳೆಯ ಮೈಸೂರು ಸೀಮೆಯಲ್ಲಿ ಬಿದ್ದ ಕಲ್ಲು ಜಾಗತಿಕ ಪಟ್ಟಿಯಲ್ಲಿ ಮುದ್ದೂರ್ ಎಂಬ ಹೆಸರಿನಲ್ಲಿದೆ. 1866ರ ಏಪ್ರಿಲ್‌ನಲ್ಲಿ ಬಿದ್ದದ್ದು ಉಡುಪಿಯ ಹೆಸರಿನಲ್ಲಿದೆ. ಮುದ್ದೂರಿನ ಕಲ್ಲಿಗೆ ಒಂದು ತಿಂಗಳು ಮೊದಲಷ್ಟೇ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳಗ್ರಹದಿಂದ ಬಂದದ್ದು ಎಂದು ನೂರು ವರ್ಷ ದಾಟಿದ ಮೇಲೆ ಗೊತ್ತಾಯಿತು. ಗಡಿಯಾಚೆ, ಹೊಸೂರಿನ ಹತ್ತಿರದ ಸೂಳಗಿರಿಯಲ್ಲಿ 2008ರ ಸೆಪ್ಟೆಂಬರ್ 12ರಂದು ಬಿದ್ದ ಕಲ್ಲುಗಳ ತೂಕ ಸುಮಾರು 110 ಕೆ.ಜಿ. 2022ರ ಆಗಸ್ಟ್ 17ರಂದು ಗುಜರಾತಿನ ದಿಯೋದರ್ ತಾಲ್ಲೂಕಿನಲ್ಲಿ ಒಂದು ಕಲ್ಲು ಬೇವಿನ ಮರದ ಕೊಂಬೆ ಮುರಿದುಕೊಂಡು ಬಿತ್ತು, ಇನ್ನೊಂದು ಪಕ್ಕದ ಹಳ್ಳಿಯ ಮನೆಯ ಜಗುಲಿಯ ಟೈಲ್ಸ್ ಒಡೆಯಿತು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ಅದು ಆಬ್ರೈಟ್ ಎಂಬ ಅತಿ ಅಪರೂಪದ ಬಗೆ ಎಂದು ತೋರಿಸಿದರು.

## ಇನ್ನೂ ಆಳಕ್ಕೆ ಹೋಗುವವರಿಗೆ

ನಾವು ಹಳ್ಳಿಯವರು. ನಾವು ಹೇಳಿದ್ದನ್ನು ವಿಜ್ಞಾನಿಗಳು ಲೆಕ್ಕಕ್ಕೆ ತಗೋತಾರಾ?

ಈ ವಿಜ್ಞಾನ ಶುರುವಾದದ್ದೇ ಹಳ್ಳಿಯವರ ಮಾತಿನಿಂದ. ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನು ಹದಿನೆಂಟನೇ ಶತಮಾನದ ಯುರೋಪಿನ ಪಂಡಿತರು ರೈತರ ಮೂಢನಂಬಿಕೆ ಎಂದು ತಳ್ಳಿಹಾಕಿದ್ದರು. 1794ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕ್ಲಾಡ್ನಿ ಹಳೆಯ ಸಾಕ್ಷಿಗಳ ಹೇಳಿಕೆಗಳನ್ನು ಒಟ್ಟುಮಾಡಿ, ಇವರು ಹೇಳುವುದು ನಿಜ ಎಂದು ವಾದಿಸಿದಾಗಲೂ ಹೆಚ್ಚಿನವರು ಒಪ್ಪಲಿಲ್ಲ. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಊರಿನ ಸುತ್ತ ಸುಮಾರು ಮೂರು ಸಾವಿರ ಕಲ್ಲುಗಳು ಸುರಿದವು. ತನಿಖೆಗೆ ಬಂದ ಯುವ ವಿಜ್ಞಾನಿ ಬಿಯೊ ಹಳ್ಳಿಯಿಂದ ಹಳ್ಳಿಗೆ ಹೋಗಿ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನರನ್ನು ಕೇಳಿ, ಕಲ್ಲು ಬಿದ್ದ ಜಾಗಗಳನ್ನು ನಕ್ಷೆಗೆ ಹಾಕಿದ. ಹೇಳಿಕೆಗಳು ಹೊಂದಿದವು, ನಕ್ಷೆಯಲ್ಲಿ ಉದ್ದನೆಯ ಮೊಟ್ಟೆಯಾಕಾರ ಮೂಡಿತು. ಅಲ್ಲಿಗೆ ವಾದ ಮುಗಿಯಿತು.

ಇಂದಿಗೂ ವಿಧಾನ ಅದೇ. ಹಾಸನದವರಿಗೆ ಅದು ಪೂರ್ವದಲ್ಲಿ, ಬೆಂಗಳೂರಿನವರಿಗೆ ಪಶ್ಚಿಮದಲ್ಲಿ ಆರಿದ್ದರೆ ಆ ಎರಡು ಊರುಗಳ ನಡುವೆ ಎಲ್ಲೋ ಆರಿದೆ. ಮೂರನೆಯ ವರದಿ ತುಮಕೂರಿನಿಂದ ಬಂದರೆ ಜಾಗ ಇನ್ನಷ್ಟು ಬಿಗಿಯಾಗುತ್ತದೆ. 1976ರ ಜನವರಿ 28ರ ರಾತ್ರಿ ಗುಜರಾತಿನ ಧಜಾಲಾದಲ್ಲಿ ಬಿದ್ದ ಕಲ್ಲುಗಳಲ್ಲಿ ಸುಮಾರು 45 ಕೆ.ಜಿ.ಯಷ್ಟನ್ನು ಸಂಗ್ರಹಿಸಲಾಯಿತು. ಆ ಬೆಂಕಿಯುಂಡೆಯ ದಾರಿ ಕಟ್ಟಲು ನೆರವಾದದ್ದೂ ಕಣ್ಣಾರೆ ಕಂಡವರ ಮಾತುಗಳೇ.

ವರದಿಯನ್ನು ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ಅಥವಾ ಅಮೆರಿಕದ ಉಲ್ಕಾ ಸಂಘದ ಬೆಂಕಿಯುಂಡೆ ಅರ್ಜಿಯಲ್ಲಿ ತುಂಬಬಹುದು, ಯಾವ ದೇಶದವರಾದರೂ ಸರಿ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರು ಪಿಲಿಕುಳದ ತಾರಾಲಯಗಳಿಗೂ ತಿಳಿಸಬಹುದು.

ಅಂಗಡಿಯ ಸಿಸಿಟಿವಿಯಲ್ಲಿ ಸೆರೆಯಾಗಿದೆ. ಮಸುಕಾಗಿದೆ, ಉಪಯೋಗವಿದೆಯೇ?

ತುಂಬ ಇದೆ. ಉಂಡೆಯೇ ಚೌಕಟ್ಟಿನಲ್ಲಿ ಬರದೆ ಕಂಬದ ನೆರಳು ಮಾತ್ರ ಓಡಿದ್ದರೂ ಆ ನೆರಳಿನಿಂದ ದಿಕ್ಕು ತೆಗೆಯುತ್ತಾರೆ. ಚೆಲ್ಯಾಬಿನ್ಸ್ಕ್‌ನ ಪಥ ಕಟ್ಟಿದ್ದು ಕಾರುಗಳ ಡ್ಯಾಶ್‌ಕ್ಯಾಮ್ ಮತ್ತು ರಸ್ತೆಯ ಕ್ಯಾಮೆರಾಗಳಿಂದ. ಕೆಲವು ದಿನಗಳಲ್ಲಿ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂರುತ್ತದೆ, ಆದ್ದರಿಂದ ಅಂದೇ ಮೂಲ ಫೈಲನ್ನು ನಕಲು ಮಾಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಕುಗ್ಗಿಹೋಗುತ್ತದೆ, ಪರದೆಯನ್ನು ಫೋನಿನಲ್ಲಿ ಚಿತ್ರೀಕರಿಸಿದ್ದು ಅದಕ್ಕಿಂತ ಕಡೆ. ಕ್ಯಾಮೆರಾದ ಗಡಿಯಾರವನ್ನು ಫೋನಿನ ಗಡಿಯಾರದ ಪಕ್ಕ ಇಟ್ಟು ಎಷ್ಟು ಸೆಕೆಂಡು ಹೆಚ್ಚುಕಡಿಮೆ ಇದೆ ಎಂದು ಬರೆದಿಡಿ. ಕ್ಯಾಮೆರಾವನ್ನು ಅಲುಗಿಸಬೇಡಿ. ಮುಂದಿನ ರಾತ್ರಿಗಳಲ್ಲಿ ಅದೇ ಚೌಕಟ್ಟಿನಲ್ಲಿ ಚಂದ್ರನೋ ಶುಕ್ರನೋ ಬಂದರೆ ಅದನ್ನೇ ಆಧಾರವಾಗಿಟ್ಟು ಡಿಗ್ರಿ ಲೆಕ್ಕ ತೆಗೆಯಬಹುದು.

ಹೀಗೆ ಎರಡು ಮೂರು ಕಡೆಯ ಚಿತ್ರ ಸಿಕ್ಕರೆ ಕಲ್ಲು ಬಿದ್ದ ಜಾಗವಷ್ಟೇ ಅಲ್ಲ, ಅದು ಸೂರ್ಯನ ಸುತ್ತ ತಿರುಗುತ್ತಿದ್ದ ಕಕ್ಷೆಯೂ ಸಿಗುತ್ತದೆ. ಮೊದಲ ಬಾರಿ ಇದು ಸಾಧ್ಯವಾದದ್ದು 1959ರ ಏಪ್ರಿಲ್ 7ರಂದು, ಆಗಿನ ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್‌ನಲ್ಲಿ. ಈಗ ಫ್ರಾನ್ಸ್, ಆಸ್ಟ್ರೇಲಿಯಾ, ಬ್ರಿಟನ್‌ಗಳಲ್ಲಿ ಇಡೀ ಆಕಾಶವನ್ನು ರಾತ್ರಿಯಿಡೀ ನೋಡುವ ಕ್ಯಾಮೆರಾಗಳ ಜಾಲಗಳಿವೆ. ನಮ್ಮ ಶಾಲೆ, ಕಾಲೇಜುಗಳ ಮಾಳಿಗೆಯ ಮೇಲೂ ಅಂಥವು ಬರಬೇಕೆಂಬುದು ನನ್ನ ದೊಡ್ಡ ಆಸೆ. ದುಬಾರಿಯಲ್ಲದ ಸಣ್ಣ ಕಂಪ್ಯೂಟರ್, ಮಂದ ಬೆಳಕಿನಲ್ಲೂ ನೋಡಬಲ್ಲ ಕ್ಯಾಮೆರಾ, ಇಂಟರ್ನೆಟ್ ಇದ್ದರೆ ಆರಂಭಿಸಬಹುದು.

ಬರುವ ಮೊದಲೇ ಹೇಳಲು ಆಗುವುದಿಲ್ಲವೇ?

ಬಹುಮಟ್ಟಿಗೆ ಇಲ್ಲ, ಆದರೆ ಬಾಗಿಲು ತೆರೆದಿದೆ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಅರಿಜೋನಾದ ದೂರದರ್ಶಕವೊಂದು ನಾಲ್ಕು ಮೀಟರಿನಷ್ಟು ದೊಡ್ಡ ಬಂಡೆಯನ್ನು ಭೂಮಿಗೆ ತಾಗುವ ಸುಮಾರು 20 ಗಂಟೆ ಮೊದಲು ಕಂಡಿತು. ಲೆಕ್ಕ ಹಾಕಿದಂತೆಯೇ ಅದು ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು, ಅಲ್ಲಿನ ವಿದ್ಯಾರ್ಥಿಗಳು ಸಾಲುಗಟ್ಟಿ ನಡೆದು ಕಲ್ಲುಗಳನ್ನು ಆರಿಸಿದರು. ಚೆಲ್ಯಾಬಿನ್ಸ್ಕ್‌ನ ಬಂಡೆ ಅದಕ್ಕಿಂತ ಎಷ್ಟೋ ದೊಡ್ಡದಾದರೂ ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

2024ರ ಜನವರಿ 21ರ ನಸುಕಿನಲ್ಲಿ ಬರ್ಲಿನ್ ಬಳಿ ಉರಿದ ಒಂದು ಮೀಟರ್ ಗಾತ್ರದ ಬಂಡೆಯನ್ನು ಹಂಗೇರಿಯ ವೀಕ್ಷಕರೊಬ್ಬರು ಸುಮಾರು ಮೂರು ಗಂಟೆ ಮೊದಲು ಪತ್ತೆಹಚ್ಚಿದ್ದರು. ಸುದ್ದಿ ಓದಿ ಎಚ್ಚರವಿದ್ದವರು ಕ್ಯಾಮೆರಾ ತಿರುಗಿಸಿ ಕಾದು ನೋಡಿದರು. ವಾರದೊಳಗೆ ರಿಬೆಕ್ ಎಂಬ ಹಳ್ಳಿಯ ಹೊಲಗಳಲ್ಲಿ ಕಲ್ಲುಗಳು ಸಿಕ್ಕವು. ಕವಚ ತೆಳುವಾಗಿ ಪಾರದರ್ಶಕವಾಗಿದ್ದುದರಿಂದ ಹುಡುಕುವವರು ಮೊದಲು ಅವನ್ನು ಸಾಮಾನ್ಯ ಕಲ್ಲೆಂದು ದಾಟಿ ಹೋಗಿದ್ದರು. ಅದೂ ಆಬ್ರೈಟ್, ಗುಜರಾತಿನಲ್ಲಿ ಬೇವಿನ ಕೊಂಬೆ ಮುರಿದ ಕಲ್ಲಿನ ಜಾತಿಯದೇ.